ಲಾಗೌಟ್ ಮಾತ್ರ ಮಾಡಬೇಡಿ

ಸಲ್ತ್
12 ಸೆಪ್ಟೆಂಬರ್ 2021

ಕುತೈಬಾ,

ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ. ಫೋನ್ ಮಾಡದೆ ಇಮೇಲಿನಲ್ಲಿ ಕಾಗದ ಬರೆಯುತ್ತಿದ್ದೇನೆ, ಯಾಕೆಂದರೆ ಫೋನಿನಲ್ಲಿ ನೀನು "ಆಯ್ತು ಅತ್ತೆ, ಆಯ್ತು ಅತ್ತೆ" ಅನ್ನುತ್ತಲೇ ಜಾರಿಕೊಳ್ಳುತ್ತೀಯ. ಬರೆದದ್ದಕ್ಕೆ ಬರೆದೇ ಉತ್ತರ ಕೊಡಬೇಕು. ಇದು ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸಿ ಕಲಿಸಿ ಬಂದ ಬುದ್ಧಿ, ನಿವೃತ್ತಿಯಾದರೂ ಹೋಗಿಲ್ಲ.

ನೀನು ಮಾಡಿಕೊಟ್ಟ ವೆಬ್‌ಸೈಟನ್ನು ನಿನ್ನೆ ಕುಟುಂಬದ ಚಾವಡಿಯಲ್ಲಿ ಉದ್ಘಾಟಿಸಿದರು. ನಾವು ಹೆಂಗಸರು ಮೇಲಿನ ಕೋಣೆಯಲ್ಲಿ ಔತಣದ ಮನ್ಸಫ್‌ಗೆ, ಮಾಂಸದಡಿಗೆ ಅನ್ನ ಹರಡುತ್ತಿದ್ದೆವು. ನಮಗೆ ಕೇಳಿಸಿದ್ದು ಚಪ್ಪಾಳೆ ಮಾತ್ರ. ಮನೆಗೆ ಬಂದವಳೇ ಕಂಪ್ಯೂಟರ್ ತೆರೆದೆ. ಚಾವಡಿಯ ಗೋಡೆಯ ಮೇಲಿರುವ ಹಳೆಯ ವಂಶವೃಕ್ಷ ನಿನಗೆ ಗೊತ್ತಲ್ಲ, ಅದರಲ್ಲಿ ತಲೆತಲಾಂತರದಿಂದ ಗಂಡಸರಿಗೆ ಗಂಡಸರೇ ಹುಟ್ಟುತ್ತಿದ್ದಾರೆ, ಹೆಂಗಸರ ಸಹಾಯವೇ ಬೇಕಾಗಿಲ್ಲ. ನಿನ್ನ ಸೈಟಿನಲ್ಲಿ ನೋಡಿದರೆ ನಿನ್ನಪ್ಪನ ಪಕ್ಕದಲ್ಲಿ ನಿನ್ನಮ್ಮ ನಜಾಹ್, ಈ ಪಕ್ಕದಲ್ಲಿ ಅವನ ತಂಗಿ ಇನ್ಶಿರಾ, ಅಂದರೆ ನಾನು. ಮೇಲಿನ ಕೊಂಬೆಯಲ್ಲಿ ಹಮ್ದಜ್ಜಿ, ಅವಳ ತಾಯಿ ಫಿದ್ದಾ. ಅತ್ತುಬಿಟ್ಟೆ ಕಣೋ.

ಈ ಹೆಸರುಗಳಿಗಾಗಿ ನಾನು ಹತ್ತಿ ಇಳಿದ ಮೆಟ್ಟಿಲುಗಳು ನನ್ನ ಮಂಡಿಗೇ ಗೊತ್ತು. ಕೆಲವು ಮುದುಕಿಯರಿಗೆ ತಮ್ಮಜ್ಜಿಯ ಹೆಸರು ನೆನಪಾಗಲು ಒಂದು ಚಳಿಗಾಲವೇ ಬೇಕಾಯಿತು. ಫಿದ್ದಾಳ ಹೆಸರಂತೂ ಬದುಕಿರುವವರಲ್ಲಿ ಹಮ್ದಜ್ಜಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹಮ್ದಜ್ಜಿಯನ್ನು ಹೆತ್ತು, ಅದೇ ಬಾಣಂತನದಲ್ಲಿ ತೀರಿಕೊಂಡವಳು ಫಿದ್ದಾ. ಗಂಡು ಹೆರಲಿಲ್ಲವಾದ್ದರಿಂದ ಗೋಡೆಯ ಮೇಲೆ ಅವಳು ಬಂದುಹೋದ ಗುರುತೇ ಇಲ್ಲ. ಹಮ್ದಜ್ಜಿ ನನ್ನ ಕೈ ಹಿಡಿದು ಅಂದಿದ್ದಳು, "ಅಮ್ಮನ ಹೆಸರು ಗಂಡಸರ ಪಕ್ಕದಲ್ಲಿ, ಎಲ್ರೂ ನೋಡೋ ಕಡೆ ಇರೋದನ್ನ ಒಂದ್ಸಲ ತೋರ್ಸಿಬಿಡು ಮಗಳೇ. ಆಮೇಲೆ ನೆಮ್ಮದಿಯಾಗಿ ಹೋಗ್ತೀನಿ." ನನ್ನಣ್ಣ, ನಿನ್ನ ದೊಡ್ಡಪ್ಪ ಅಬು ಗಾಲಿಬ್, ಚಾವಡಿಯ ಸಮಿತಿಯ ಎದುರಿಗೇ "ಆಯ್ತಮ್ಮ, ಹೆಂಗಸರನ್ನೂ ಹಾಕ್ಸು" ಅಂದಾಗ ನನಗೆ ನಂಬಿಕೆಯೇ ಬಂದಿರಲಿಲ್ಲ. ಅವನು ಇಷ್ಟು ಒಳ್ಳೆಯವನೆಂದು ಗೊತ್ತಿದ್ದರೆ ಮೊದಲೇ ಕೇಳುತ್ತಿದ್ದೆ.

ಈಗ ಎರಡು ದೂರು. ನಮ್ಮ ಬಳಗದ ತಮಾಮ್‌ಳ ಫೋನಿನಲ್ಲಿ ಅಕ್ಷರಗಳು ಒಡೆದುಹೋಗಿವೆ. ಕೈಕೈ ಹಿಡಿದು ನಡೆಯಬೇಕಾದ ನಮ್ಮ ಅರಬ್ಬಿ ಅಕ್ಷರಗಳು ಅವಳಲ್ಲಿ ಜಗಳವಾಡಿದವರ ಹಾಗೆ ಬಿಡಿಬಿಡಿಯಾಗಿ ನಿಂತಿವೆ. ಎರಡನೆಯದು, ಅವಳಿಗೆ ಹೆಂಗಸರು ಯಾರೂ ಕಾಣುತ್ತಿಲ್ಲವಂತೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲರೂ ಇದ್ದಾರೆ, ನನ್ನದೇ ಫೋನಿನಲ್ಲಿ ಇಲ್ಲ. ಬೇಗ ನೋಡು.

ನಿನ್ನ ಅತ್ತೆ,
ಇನ್ಶಿರಾ


ಅಮ್ಮಾನ್
14 ಸೆಪ್ಟೆಂಬರ್ 2021

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ನಿಮ್ಮ ಸೊಸೆ ದೀಮಾ ಬಿದ್ದು ಬಿದ್ದು ನಕ್ಕಳು. "ನಿಮ್ಮತ್ತೆ ಇನ್ನೂ ನಿನ್ನ ಪೇಪರ್ ತಿದ್ದುತ್ತಿದ್ದಾರೆ" ಅಂದಳು.

ಅಕ್ಷರ ಒಡೆದದ್ದು ನನ್ನದೇ ತಪ್ಪು. ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಅಂದ ಅಂದುಕೊಂಡಿದ್ದೆ. ಕೆಲವು ಬ್ರೌಸರ್‌ಗಳು ಹಾಗೆ ಜಾಗ ಬಿಟ್ಟರೆ ನಮ್ಮ ಬರಹದ ಕೊಂಡಿಯನ್ನೇ ಕತ್ತರಿಸುತ್ತವೆ. ಈಗ ಸರಿ ಮಾಡಿದ್ದೇನೆ.

ಎರಡನೆಯದು ಸ್ವಲ್ಪ ತೊಡಕಿನದು. ವೃಕ್ಷವನ್ನು ಬಿಡಿಸುವುದು ಒಂದು ಪ್ಲಗಿನ್. ಅಂದರೆ ಬೇರೆ ಯಾರೋ ಮಾಡಿಟ್ಟ ಸಣ್ಣ ಯಂತ್ರವನ್ನು ತಂದು ನಮ್ಮ ಸೈಟಿನೊಳಗೆ ಕೂರಿಸಿದ್ದೇವೆ ಅಂದುಕೊಳ್ಳಿ. ಹೆಂಗಸರ ಹೆಸರುಗಳನ್ನು ಆಮೇಲೆ ಸೇರಿಸಿದ್ದರಿಂದ ಅವು ಬೇರೆ ಪದರದಲ್ಲಿವೆ. ಹಳೆಯ ಬ್ರೌಸರ್‌ಗಳಿಗೆ ಆ ಪದರ ಓದಲು ಬರುವುದಿಲ್ಲ. ತಮಾಮ್ ಚಿಕ್ಕಮ್ಮನಿಗೆ ಹೇಳಿ, ಮೊದಲು ಕ್ಯಾಶ್, ಅಂದರೆ ಬ್ರೌಸರ್ ಕೂಡಿಟ್ಟುಕೊಂಡ ಹಳೆಯ ಪ್ರತಿಗಳನ್ನು ಅಳಿಸಬೇಕು, ಬ್ರೌಸರ್ ಅಪ್‌ಡೇಟ್ ಮಾಡಬೇಕು, ಆಮೇಲೆ ಫೋನನ್ನು ಆರಿಸಿ ಮತ್ತೆ ಹಚ್ಚಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಕಾಣುತ್ತಿದೆಯಲ್ಲ, ಅಂದರೆ ಸೈಟಿನಲ್ಲಿ ತಪ್ಪಿಲ್ಲ.

ಇನ್ನೊಂದು ಮಾತು. ಹೆಸರು ತುಂಬಿಸಲು ನೀವು ಆ ಕಂಪ್ಯೂಟರಿನಲ್ಲಿ ಲಾಗಿನ್ ಆಗಿದ್ದೀರಿ, ಹಾಗೇ ಇರಿ. ಲಾಗೌಟ್ ಮಾತ್ರ ಮಾಡಬೇಡಿ ಅತ್ತೆ, ಸೇರಿಸಿದ್ದು ಅಳಿಸಿಹೋದೀತು.

ನಿಮ್ಮ ಕೈಗೆ ಮುತ್ತಿಡುವ,
ಕುತೈಬ


ಸಲ್ತ್
3 ಅಕ್ಟೋಬರ್ 2021

ಕುತೈಬಾ,

ಕ್ಯಾಶ್ ಅಳಿಸು ಅಂದರೆ ತಮಾಮ್ ಫೋಟೊಗಳನ್ನೆಲ್ಲ ಅಳಿಸಿ ಕೂತಿದ್ದಾಳೆ. ಮಗನ ಮದುವೆಯ ಫೋಟೊಗಳು ಹೋದವು. "ಸೊಸೆ ಮುಖ ಹೋದ್ರೆ ಹೋಗ್ಲಿ ಬಿಡು, ನನ್ ಹೆಸ್ರು ಬಂತಾ ನೋಡು" ಅಂತಾಳೆ. ಬಂದಿಲ್ಲ.

ಇರ್ಬಿದ್‌ನ ಖೌಲಾ ನಿನಗೆ ಗೊತ್ತು, ನಾಲಿಗೆಗೆ ಕೀಲಿಲ್ಲದವಳು, ಕುಟುಂಬದೊಳಗೇ ಮದುವೆಯಾದವಳು. ಅವಳು ಫೋನ್ ಮಾಡಿ, "ನನ್ ಫೋನ್ ಸರಿ ಇಲ್ವಾ? ಇದೇ ಫೋನಲ್ಲಿ ನನ್ ಗಂಡನ ಏಳು ತಲೆಮಾರು ಕಾಣುತ್ತಲ್ಲೇ! ಅವನ್ನ ಹೆತ್ತವಳು ಕಾಣಲ್ಲ, ಅವನಿಗೆ ಹೆತ್ತುಕೊಟ್ಟ ನಾನೂ ಕಾಣಲ್ಲ" ಅಂದಳು. ಅವಳ ಆಫೀಸಿನ ಕಂಪ್ಯೂಟರಿನಲ್ಲೂ ಹಾಗೇ. ಝರ್ಕಾದಲ್ಲೂ ಹಾಗೇ, ಮಾದಬಾದಲ್ಲೂ ಹಾಗೇ. ಹೆಂಗಸರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ, ಅದರಲ್ಲಿ ನಾನೇ ವೈದ್ಯೆ. ನೀನು ಹೇಳಿದ್ದನ್ನು ಸರಳವಾಗಿ ಬರೆದು ಹಾಕುತ್ತೇನೆ, ಅವರು ಒಬ್ಬೊಬ್ಬರಾಗಿ ಮಾಡಿ ನೋಡುತ್ತಾರೆ. ಅದಕ್ಕೆ "ಇನ್ಶಿರಾಳ ಮದ್ದು" ಅಂತ ಹೆಸರು ಬಿದ್ದಿದೆ. ಮದ್ದು ಇನ್ನೂ ಯಾರಿಗೂ ಹಿಡಿದಿಲ್ಲ.

ಹಮ್ದಜ್ಜಿಯ ಮನೆಗೆ ಹೋಗಿದ್ದೆ. ಅವಳ ಮೊಮ್ಮಗನ ಹಳೆಯ ಫೋನಿನಲ್ಲೂ ಹೆಂಗಸರಿಲ್ಲ. ನನ್ನ ಕಂಪ್ಯೂಟರಿನ ಪರದೆಯ ಫೋಟೊ ತೆಗೆದುಕೊಂಡು ಹೋಗಿ ತೋರಿಸಿದೆ. ನೋಡಿದಳು, ಬೆರಳಿನಿಂದ ಸವರಿದಳು. ಆಮೇಲೆ ತಲೆಯಾಡಿಸಿದಳು. "ಇದು ನಿನ್ ಮನೇದು. ನಿನ್ ಮನೇಲಿ ಅಮ್ಮ ಇರೋದು ನಂಗೊತ್ತಿಲ್ವಾ? ಊರೋರು ನೋಡೋ ಕಡೆ ಬರ್ಲಿ" ಅಂದಳು. ತೊಂಬತ್ತರ ಮುದುಕಿಗೆ ನಾನು ಪದರದ ಕಥೆ ಹೇಳಿದೆ. ನನಗೇ ನಾಚಿಕೆಯಾಯಿತು.

ಬೇಗ ಏನಾದರೂ ಮಾಡು. ಅವಳು ಕಾಯುವಷ್ಟು ಗಟ್ಟಿಯಾಗಿಲ್ಲ.

ಇನ್ಶಿರಾ


ಅಮ್ಮಾನ್
20 ಅಕ್ಟೋಬರ್ 2021

ಪ್ರೀತಿಯ ಅತ್ತೆ,

ತಡವಾಯಿತು, ಕ್ಷಮಿಸಿ. ಖೌಲಾ ಚಿಕ್ಕಮ್ಮನ ಆಫೀಸಿನಲ್ಲಿ ಭದ್ರತೆಗಾಗಿ ಇಂಥ ಪ್ಲಗಿನ್‌ಗಳನ್ನು ತಡೆದಿರುತ್ತಾರೆ. ಮಿಕ್ಕವರ ಫೋನುಗಳು ಬೇರೆ ಬೇರೆ ಕಂಪನಿಯವು, ಒಂದೊಂದರ ಬ್ರೌಸರ್ ಒಂದೊಂದು ಥರ. ಪ್ಲಗಿನ್ ಮಾಡಿದವರಿಗೂ ಬರೆದಿದ್ದೇನೆ, ಅವರಿಂದ ಉತ್ತರ ಬರಬೇಕು. ಈ ಕೆಲಸವೇ ಹೀಗೆ ಅತ್ತೆ, ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುತ್ತದೆ.

ಹಮ್ದಜ್ಜಿಯ ಮೊಮ್ಮಗನ ಫೋನು ತೀರಾ ಹಳೆಯದು. ಹೊಸ ಫೋನು ತೆಗೆದುಕೊಂಡರೆ ಬಹುಶಃ ಕಾಣಬಹುದು. ಬೇರೆ ಬ್ರೌಸರ್ ಹಾಕಿಕೊಂಡೂ ನೋಡಲಿ. ಪುಟವನ್ನು ಆಗಾಗ ರಿಫ್ರೆಶ್ ಮಾಡುತ್ತಿರಲಿ.

ನೀವು ಲಾಗಿನ್‌ನಲ್ಲೇ ಇದ್ದೀರಿ ತಾನೆ?

ನಿಮ್ಮ,
ಕುತೈಬ


ಸಲ್ತ್
9 ಡಿಸೆಂಬರ್ 2021

ಕುತೈಬಾ,

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಪ್ಲಗಿನ್ ಕೆಟ್ಟರೆ ಹೆಂಗಸರು ಹೊಸ ಫೋನು ಕೊಳ್ಳಬೇಕೇ? ಹಮ್ದಜ್ಜಿಯ ಮೊಮ್ಮಗ ಕೊಂಡ. ಪೊಲೀಸ್ ಪೇದೆ ಅವನು, ಚಳಿಗೆ ಸೀಮೆಎಣ್ಣೆಗೂ ಲೆಕ್ಕ ಹಾಕುವವನು. ಅಜ್ಜಿಗೋಸ್ಕರ ಅಂಗಡಿಯಲ್ಲಿದ್ದ ಹೊಸಾ ಫೋನು ತಂದ. ನಾನೇ ಹೋಗಿ ಮೂರು ಬ್ರೌಸರ್ ಹಾಕಿಕೊಟ್ಟೆ. ಮೂರರಲ್ಲೂ ಹಮ್ದಜ್ಜಿಯ ಅಪ್ಪ ಇದ್ದಾನೆ, ಮಲತಾಯಿಯ ಗಂಡುಮಕ್ಕಳು ಇದ್ದಾರೆ. ಅವಳೂ ಇಲ್ಲ, ಅವಳಮ್ಮನೂ ಇಲ್ಲ.

ಇನ್ನೊಂದು ಸೋಜಿಗ. ನಿನ್ನ ದೊಡ್ಡಪ್ಪನ ಫೋನಿನ ಗಾಜು ಒಡೆದು ವರ್ಷಗಳಾದವು. ಅದರಲ್ಲಿ ಗಂಡಸರು ಒಬ್ಬರೂ ಬಿಡದಂತೆ ಕಾಣುತ್ತಾರೆ. ಅಕ್ಷರ ಕೂಡ ಮುಕ್ಕಾಗಿಲ್ಲ. ನಿನ್ನ ಪ್ಲಗಿನ್ ಗಂಡೋ ಹೇಗೆ? ಅಣ್ಣನಿಗೆ ಹೇಳಿದರೆ, "ಹುಡುಗ ಕಷ್ಟಪಡ್ತಿದಾನೆ, ಅವನ ತಲೆ ತಿನ್ಬೇಡ" ಅಂತ ಗಡ್ಡ ಸವರಿಕೊಂಡ. ಬೇರೆ ವಿಷಯಗಳಲ್ಲಿ ನಿನ್ನ ಕಷ್ಟದ ಮೇಲೆ ಅವನಿಗೆ ಇಷ್ಟು ಕರುಣೆ ನಾನು ಕಂಡಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನಿನ್ನ ಬ್ರೌಸರ್ ಕಥೆ. ನಿನ್ನ ಕೈಯಲ್ಲಾಗದಿದ್ದರೆ ಹೇಳು, ಬೇರೆ ಯಾರಿಗಾದರೂ ತೋರಿಸೋಣ. ನನಗೆ ಸಿಟ್ಟಿಲ್ಲ. ಸಿಟ್ಟಿದೆ, ಆದರೆ ನಿನ್ನ ಮೇಲಲ್ಲ.

ಆಲಿವ್ ಜಜ್ಜಿ ಉಪ್ಪುನೀರಿಗೆ ಹಾಕಿದ್ದೇನೆ. ನಿಮ್ಮಿಬ್ಬರ ಪಾಲು ತೆಗೆದಿಟ್ಟಿದ್ದೇನೆ, ಬಂದಾಗ ಒಯ್ಯಿರಿ.

ಇನ್ಶಿರಾ


ಅಮ್ಮಾನ್
11 ಜನವರಿ 2022

ಅತ್ತೆ,

ಬೇರೆಯವರಿಗೆ ತೋರಿಸುವುದು ಬೇಡ. ಒಳಗಿನ ವಿಷಯ ತಿಳಿಯದವರು ಕೈಹಾಕಿದರೆ ಇರುವುದೂ ಹಾಳಾಗುತ್ತದೆ. ಬೇಸಿಗೆಗೆ ಮುಂಚೆ ಆ ಭಾಗವನ್ನೇ ಹೊಸದಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆಯಿಂದಿರಿ. ದೀಮಾಳಿಗೆ ಐದನೇ ತಿಂಗಳು ನಡೆಯುತ್ತಿದೆ, ಶುಭವಾರ್ತೆಯೇ. ಆಲಿವ್ ಅಂದರೆ ಈಗ ಅವಳಿಗೆ ಪ್ರಾಣ.

ಕುತೈಬ


ಸಲ್ತ್
17 ಫೆಬ್ರವರಿ 2022

ಕುತೈಬಾ,

ಹಮ್ದಜ್ಜಿ ತೀರಿಕೊಂಡಳು. ನಿನಗೆ ಸುದ್ದಿ ಮುಟ್ಟಿರುತ್ತದೆ, ಸೈಟಿನಲ್ಲಿ ನೀನೇ ಹಾಕಿದ್ದೀಯಲ್ಲ. "ಹಾಜಾ ಉಮ್ಮ್ ಸಾಲಿಂ ನಿಧನ." ಸಾಲಿಂನ ತಾಯಿ. ಸತ್ತಾಗಲೂ ಅವಳಿಗೆ ಅವಳ ಹೆಸರಿಲ್ಲ.

ಕೊನೆಯ ವಾರ ನಾನು ಅವಳ ಹಾಸಿಗೆಯ ಪಕ್ಕದಲ್ಲಿದ್ದೆ. ಮೊಮ್ಮಗ ಆ ಹೊಸ ಫೋನು ತೆರೆದು ಕೈಗೆ ಕೊಟ್ಟ. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ನಾನು ಎಂದಿನಂತೆ "ರಿಫ್ರೆಶ್ ಮಾಡೋಣ ಅಜ್ಜಿ" ಅಂದೆ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು, "ಬಿಡು ಮಗಳೇ, ನನ್ ಕಣ್ಣೇ ಹೋಗಿದೆ. ಅಮ್ಮ ಅಲ್ಲೇ ಇದಾಳೆ ಅಂತೀಯಲ್ಲ, ನೀನು ಸುಳ್ಳು ಹೇಳೋಳಲ್ಲ" ಅಂದಳು.

ನಾನು ಸುಳ್ಳು ಹೇಳುವವಳಲ್ಲ, ಕುತೈಬಾ. ನನ್ನ ಬಾಯಲ್ಲಿ ನೀನು ಹೇಳಿಸಿದೆ.

ಸೂತಕದ ಮನೆಯಲ್ಲಿ ತಮಾಮ್‌ಳ ಮಗಳು ಸಜಾ ನನ್ನ ಪಕ್ಕದಲ್ಲಿ ಕೂತಿದ್ದಳು. ಖೌಲಾ ಮದ್ದಿನ ವಿಷಯ ತೆಗೆದಳು. ಆ ಹುಡುಗಿ ಖರ್ಜೂರದ ಬೀಜ ಉಗುಳಿ, "ದೊಡ್ಡಮ್ಮ, ಮೊದ್ಲು ಪ್ರೈವೇಟ್ ಕಿಟಕೀಲಿ ತೆಗ್ದು ನೋಡೋದಲ್ವಾ? ಅದ್ರಲ್ಲಿ ಲಾಗಿನ್ ಇರಲ್ಲ, ಕ್ಯಾಶ್ ಇರಲ್ಲ, ಸೈಟು ಹೊರಗಿನೋರಿಗೆ ಹೆಂಗೆ ಕಾಣುತ್ತೋ ಹಂಗೇ ಕಾಣುತ್ತೆ. ಎಲ್ರೂ ಮೊದ್ಲು ಹೇಳೋದೇ ಅದು. ಕುತೈಬಣ್ಣ ಹೇಳ್ಲಿಲ್ವಾ?" ಅಂದಳು.

ಹೇಳಲಿಲ್ಲ. ಇಷ್ಟು ತಿಂಗಳಲ್ಲಿ ನೀನು ನನಗೆ ಹೇಳದೇ ಬಿಟ್ಟ ಉಪಾಯ ಅದೊಂದೇ.

ಮನೆಗೆ ಬಂದೆ. ನನ್ನ ವಿದ್ಯಾರ್ಥಿನಿಯರಿಗೆ ಮೊದಲ ದಿನವೇ ಹೇಳುತ್ತಿದ್ದೆ, ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅದೇ ಕಂಪ್ಯೂಟರು, ಅದೇ ಬ್ರೌಸರು. ಒಂದು ಕಿಟಕಿಯಲ್ಲಿ ಲಾಗಿನ್ ಆಗಿದ್ದೇನೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ನಾನಿದ್ದೇನೆ, ನಿನ್ನಮ್ಮ ಇದ್ದಾಳೆ, ಹಮ್ದಜ್ಜಿ, ಫಿದ್ದಾ, ಎಲ್ಲರೂ ಇದ್ದಾರೆ. ಇನ್ನೊಂದರಲ್ಲಿ ಬರೀ ಗಂಡಸರು. ಆಮೇಲೆ ಫೋನಿನಲ್ಲಿ ಲಾಗಿನ್ ಆದೆ. ಕೂಡಲೇ ಎಲ್ಲರೂ ಬಂದರು. ಹೊರಗೆ ಬಂದೆ, ಹೋದರು. ಯಾವ ಬ್ರೌಸರೂ ಹಳತಲ್ಲ, ಯಾವ ಪ್ಲಗಿನ್ನೂ ಕೆಟ್ಟಿಲ್ಲ. ಇಡೀ ಕುಟುಂಬದಲ್ಲಿ ನನ್ನೊಬ್ಬಳ ಕಣ್ಣಿಗೆ ಮಾತ್ರ ಕಾಣುವ ಹಾಗೆ ಒಂದು ಮರ ಬೆಳೆಸಿ ಕೊಟ್ಟಿದ್ದೀಯ, ಲಾಗೌಟ್ ಮಾಡಬೇಡಿ ಅಂತ ಬೇರೆ ಕಾವಲು ಹಾಕಿದ್ದೀಯ.

ನಿನಗೆ ನೆನಪಿದೆಯೋ ಇಲ್ಲವೋ. ಶಾಲೆಯ ಹುಡುಗರು ಹೇಗೋ ನಿನ್ನಮ್ಮನ ಹೆಸರು ತಿಳಿದುಕೊಂಡು ಗೇಟಿನಲ್ಲಿ "ನಜಾಹ್, ನಜಾಹ್, ನಿನ್ನ ಮಗ ಬಂದ" ಅಂತ ಕೂಗಿದ್ದಕ್ಕೆ, ನೀನು ಅಳುತ್ತ ನನ್ನ ತರಗತಿಗೆ ಓಡಿ ಬಂದಿದ್ದೆ. "ಅಮ್ಮನಿಗೆ ಹೆಸರಿರೋದು ನಾಚಿಕೆಯಾ ಅತ್ತೆ?" ಅಂತ ಕೇಳಿದ್ದೆ. ನನ್ನ ಹುಡುಗಿಯರೆಲ್ಲರ ಎದುರಿಗೆ ನಿನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಅವಳ ಹೆಸರನ್ನು ಜೋರಾಗಿ ಹೇಳಿಸಿದ್ದೆ. ಆವತ್ತು ಕೂಗಿದ ಹುಡುಗರು ಈಗ ಚಾವಡಿಯ ಸಮಿತಿಯಲ್ಲಿದ್ದಾರೆ. ನೀನು ಅವರ ಕೆಲಸಕ್ಕೆ ಸೇರಿಕೊಂಡಿದ್ದೀಯ.

ಉತ್ತರ ಬರೆ.

ಇನ್ಶಿರಾ


ಸಲ್ತ್
2 ಮಾರ್ಚ್ 2022

ಕುತೈಬಾ,

ಉತ್ತರ ಬರಲಿಲ್ಲ. ನನ್ನ ಕಾಗದ ನಿನ್ನ ಬ್ರೌಸರಿನಲ್ಲಿ ಕಾಣುತ್ತಿಲ್ಲವೋ ಏನೋ. ಕ್ಯಾಶ್ ಅಳಿಸಿ ನೋಡು.

ಇನ್ಶಿರಾ


ಅಮ್ಮಾನ್
11 ಮಾರ್ಚ್ 2022

ಅತ್ತೆ,

ಬರೆದು ಬರೆದು ಅಳಿಸಿದೆ. ಹೇಗೆ ಬರೆದರೂ ನಾನು ಕೆಟ್ಟವನಾಗಿಯೇ ಕಾಣುತ್ತೇನೆ, ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಉದ್ಘಾಟನೆಯ ಹಿಂದಿನ ದಿನ ದೊಡ್ಡಪ್ಪ ಚಾವಡಿಗೆ ಕರೆಸಿದರು. ಸಮಿತಿಯವರೆಲ್ಲ ಇದ್ದರು. "ಗೋಡೆ ಮೇಲಿದ್ರೆ ಅದು ನಮ್ ಚಾವಡಿ. ಇಂಟರ್ನೆಟ್ಟು ಬೀದಿ ಕಣೋ. ನಮ್ ಹೆಂಗಸರ ಹೆಸರು ಕಂಡಕಂಡೋರ ಜೇಬಲ್ಲಿ ಓಡಾಡ್ಬೇಕಾ? ಮದುವೆ ಕಾರ್ಡಲ್ಲೇ ಹೆಣ್ಣಿನ ಹೆಸರು ಹಾಕಲ್ಲ ನಾವು, ಇಂಥವರ ಮಗಳು ಅಂತೀವಿ. ತೆಗಿ ಎಲ್ಲಾನೂ" ಅಂದರು. ನಾನು ಅತ್ತೆಗೆ ಮಾತು ಕೊಟ್ಟಿದ್ದೀರಿ ಅಂದೆ. ನಿಜವಾಗಿ ಅಂದೆ ಅತ್ತೆ. ಅದಕ್ಕವರು, "ಅವ್ಳಿಗೆ ಕಂಡ್ರೆ ಸಾಕಲ್ವಾ? ಅವ್ಳಿಗೆ ಕಾಣೋ ಹಂಗೆ ಮಾಡು. ಉದ್ಘಾಟನೆ ದಿನ ಗಲಾಟೆ ಬೇಡ ನಂಗೆ" ಅಂದರು.

ಕೋಡಿನಲ್ಲಿ ಅದು ಒಂದೇ ಒಂದು ಸಾಲು. ಈ ಲಾಗಿನ್ ಇದ್ದರೆ ತೋರಿಸು, ಇಲ್ಲದಿದ್ದರೆ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಬರೆದೆ. ನಿಮಗೆ ನೋವಾಗಬಾರದು ಅನ್ನುವುದೂ ಅದರಲ್ಲಿತ್ತು, ನೀವು ನಂಬದಿದ್ದರೂ.

ದೀಮಾಳ ಮನೆಗೆ ಹೆಣ್ಣು ಕೇಳಲು ಹೋದಾಗ ಹಿರಿಯರನ್ನು ಕಟ್ಟಿಕೊಂಡು ಮುಂದೆ ನಡೆದವರು ದೊಡ್ಡಪ್ಪ. ಅವಳ ಮನೆಯವರಿಗೆ ಇಷ್ಟವಿರಲಿಲ್ಲ. ದೊಡ್ಡಪ್ಪ ಕಾಫಿಯ ಬಟ್ಟಲನ್ನು ನೆಲದ ಮೇಲಿಟ್ಟು, "ನಮ್ ಹುಡುಗನಿಗೆ ಹೆಣ್ಣು ಕೊಡ್ತೀವಿ ಅನ್ನೋವರೆಗೂ ಇದನ್ನ ಮುಟ್ಟಲ್ಲ" ಅಂತ ಕೂತರು. ಬಟ್ಟಲು ಆರಿ ತಣ್ಣಗಾಯಿತು, ಅವರು ಏಳಲಿಲ್ಲ. ಕೊನೆಗೆ ಅವಳ ಮನೆಯವರೇ ಸೋತರು. ಅಂಥವರಿಗೆ ನಾನು ಹೇಗೆ ಆಗುವುದಿಲ್ಲ ಅನ್ನಲಿ?

ಹಮ್ದಜ್ಜಿಯ ವಿಷಯ ನನ್ನ ಎದೆಯಲ್ಲಿ ಕೂತಿದೆ.

ಕುತೈಬ


ಅಮ್ಮಾನ್
5 ಜೂನ್ 2022

ಅತ್ತೆ,

ಮೂರು ತಿಂಗಳಿನಿಂದ ನಿಮ್ಮ ಕಾಗದವಿಲ್ಲ. ರಂಜಾನ್ ಹಬ್ಬಕ್ಕೆ ಬಂದಾಗ ನಿಮ್ಮ ಮನೆಯ ಬಾಗಿಲು ತಟ್ಟಿದೆ. ಒಳಗೆ ರೇಡಿಯೊ ಕೇಳಿಸುತ್ತಿತ್ತು. ಇರಲಿ.

ನನಗೆ ಮಗಳು ಹುಟ್ಟಿದ್ದಾಳೆ. ಇಬ್ಬರೂ ಆರೋಗ್ಯವಾಗಿದ್ದಾರೆ. ಫಿದ್ದಾ ಅಂತ ಹೆಸರಿಟ್ಟಿದ್ದೇನೆ. ಫಿದ್ದಾ ಅಂದರೆ ಬೆಳ್ಳಿಯಲ್ಲವೇ, ದೀಮಾ, "ಮಗೂಗೆ ಹೆಸರಿಡ್ತಿದೀಯೋ, ಬೆಳ್ಳಿ ಅಂಗಡಿಗೆ ಬೋರ್ಡ್ ಹಾಕಿಸ್ತಿದೀಯೋ" ಅಂದಳು. ಕಥೆ ಹೇಳಿದ ಮೇಲೆ ಒಪ್ಪಿದಳು. ಎಲ್ಲ ಕಥೆಯನ್ನಲ್ಲ.

ಮಗಳ ಹೆಸರನ್ನು ನಾನೇ ವೃಕ್ಷಕ್ಕೆ ಸೇರಿಸಿದ್ದೇನೆ, ನೋಡಿ. ಬಂದವರಿಗೆ ಕೊಡುವ ಕರವಿಯಾ ಪಾಯಸ ನಿಮ್ಮ ಕೈಯದೇ ಆಗಬೇಕು. ಮೇಲೆ ಅಕ್ರೋಟು ಹಾಕುವುದು ನಿಮ್ಮ ಹಾಗೆ ಯಾರಿಗೂ ಬರುವುದಿಲ್ಲ. ಬನ್ನಿ ಅತ್ತೆ.

ನಿಮ್ಮ,
ಕುತೈಬ


ಸಲ್ತ್
8 ಜೂನ್ 2022

ಕುತೈಬಾ,

ಮಗುವನ್ನು ದೇವರು ಕಾಪಾಡಲಿ. ಸಜಾಳ ಕೈಯಲ್ಲಿ ಕರವಿಯಾ ಕಳಿಸಿದ್ದೇನೆ. ದೀಮಾ ಬಿಸಿಯಾಗಿ ತಿನ್ನಲಿ. ಅದು ಬಾಣಂತಿಗೆ, ನಿನಗಲ್ಲ.

ನೋಡಿ ಅಂದೆ, ನೋಡಿದೆ. ಎರಡೂ ಕಿಟಕಿಯಲ್ಲಿ ನೋಡಿದೆ. ನಾನು ಲಾಗಿನ್ ಆಗಿರುವ ಕಡೆ ನಿನ್ನ ಹೆಸರಿನ ಕೆಳಗೆ ಫಿದ್ದಾ ಇದ್ದಾಳೆ. ಊರೋರು ನೋಡುವ ಕಡೆ ನಿನ್ನ ಕೊಂಬೆ ಬೋಳು. ಅಲ್ಲಿ ನೀನು ಮಕ್ಕಳಿಲ್ಲದವನು.

ಹಮ್ದಜ್ಜಿಯನ್ನು ಹೆತ್ತು ಸತ್ತವಳ ಹೆಸರನ್ನು ಮತ್ತೆ ಇಟ್ಟೆ, ಸಂತೋಷ. ಜಾಗ ಕೊಡಲಿಲ್ಲ. ನಾಳೆ ಅವಳು ಓದಲು ಕಲಿಯುತ್ತಾಳೆ. "ಅಪ್ಪಾ, ನಿನ್ ಕೆಳಗೆ ನಾನ್ಯಾಕಿಲ್ಲ?" ಅಂತ ಕೇಳುತ್ತಾಳೆ. ಏನು ಹೇಳಬೇಕೆಂದು ನಿನಗೆ ಬಾಯಿಪಾಠವಾಗಿದೆ. ಬ್ರೌಸರ್ ಅಪ್‌ಡೇಟ್ ಮಾಡು ಮಗಳೇ. ಫೋನನ್ನು ಆರಿಸಿ ಹಚ್ಚು. ಹೊಸ ಫೋನ್ ಕೊಡಿಸುತ್ತೇನೆ. ಇಷ್ಟಾದ ಮೇಲೂ ಕಾಣದಿದ್ದರೆ, ಕಣ್ಣೇ ಸರಿಯಿಲ್ಲ ಬಿಡು ಅಂತ ಅವಳೇ ಅಂದುಕೊಳ್ಳುತ್ತಾಳೆ.

ಕಾಫಿಯ ಋಣದ ಬಗ್ಗೆ ಬರೆದಿದ್ದೆ. ಆ ಬಟ್ಟಲನ್ನು ಮುಟ್ಟದೆ ಕೂತವನ ನೆನಪು ನಿನಗಿದೆ. ಒಳಗೆ ದೀಮಾ ಮೂರು ದಿನ ಊಟ ಬಿಟ್ಟು ಅವಳಪ್ಪನನ್ನು ಮೊದಲೇ ಒಪ್ಪಿಸಿದ್ದಳು. ಅದು ಹೆಂಗಸರಿಗೆಲ್ಲ ಗೊತ್ತು. ಕಾಫಿ ತಣ್ಣಗಾಗಿದ್ದು ಬರೀ ಮರ್ಯಾದೆಗೆ.

ನಾನು ಬರುವುದಿಲ್ಲ.

ಇನ್ಶಿರಾ


ಅಮ್ಮಾನ್
17 ಜೂನ್ 2022, ಶುಕ್ರವಾರ ಬೆಳಿಗ್ಗೆ

ಅತ್ತೆ,

ದೀಮಾಳನ್ನು ಕೇಳಿದೆ. ಊಟ ಬಿಟ್ಟದ್ದು ನಿಜವಂತೆ. ನನಗೆ ಇಷ್ಟು ವರ್ಷ ಹೇಳಿರಲಿಲ್ಲ. "ನಿನ್ ದೊಡ್ಡಪ್ಪಂಗೆ ಖುಷಿಯಾಗಿರ್ಲಿ ಅಂತ ಸುಮ್ನಿದ್ದೆ" ಅಂದಳು. ಆಮೇಲೆ ಮಿಕ್ಕ ಕಥೆಯನ್ನೂ ಅವಳಿಗೆ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು.

ಆ ಸಾಲನ್ನು ಈಗ ಅಳಿಸಿದ್ದೇನೆ. ಲಾಗೌಟ್ ಮಾಡಿ ನೋಡಿ ಅತ್ತೆ.

ಕುತೈಬ


ಸಲ್ತ್
20 ಜೂನ್ 2022

ಕುತೈಬಾ,

ಲಾಗೌಟ್ ಮಾಡಿ ನೋಡಿದೆ. ಎಲ್ಲರೂ ಇದ್ದರು. ಬಾಗಿಲಾಚೆ ಹೋಗುವ ಯಾರು ಬೇಕಾದರೂ ತಮ್ಮ ಜೇಬಿನಿಂದ ತೆಗೆದು ನೋಡಬಹುದಾದ ಕಡೆ ಹಮ್ದಜ್ಜಿ ಇದ್ದಳು, ಅವಳಮ್ಮ ಇದ್ದಳು, ನಿನ್ನ ಮಗಳು ಇದ್ದಳು. ನಿನ್ನ ಮೇಲಿದ್ದ ಸಿಟ್ಟನ್ನೆಲ್ಲ ಆ ಬೆಳಿಗ್ಗೆ ಮರೆತೆ. ಅಮ್ಮಾನ್‌ಗೆ ಬರಲು ಸಿಂಗರಿಸಿಕೊಳ್ಳುವ ವಯಸ್ಸಲ್ಲ ನನ್ನದು, ಆದರೂ ಒಳ್ಳೆಯ ಕೋಟನ್ನು ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದ್ದೆ.

ಆಮೇಲೆ ಫೋನು ಬಡಿದುಕೊಳ್ಳಲು ಶುರುವಾಯಿತು. ಖೌಲಾ ಮಾತೇ ಆಡಲಿಲ್ಲ, ಮದುವೆಮನೆಯ ಹಾಗೆ ನಾಲಿಗೆ ಹೊರಳಿಸಿ ಕೇಕೆ ಹಾಕಿದಳು. ತಮಾಮ್, "ನಿನ್ ಮದ್ದು ಹಿಡೀತು ಕಣೆ! ನಾನಿವತ್ತು ಏನೂ ಒತ್ಲಿಲ್ಲ, ತಾನಾಗೇ ಬಂತು" ಅಂದಳು. ಝರ್ಕಾದಿಂದ, ಮಾದಬಾದಿಂದ, ನಾನು ಮುಖ ನೋಡದವರೂ ಹರಸಿದರು. ಹಮ್ದಜ್ಜಿಯ ಮೊಮ್ಮಗ ಆ ಫೋನು ಹಿಡಿದು ಅವಳ ಗೋರಿಯ ಹತ್ತಿರ ಹೋಗಿ, ಎರಡು ಹೆಸರನ್ನೂ ಜೋರಾಗಿ ಓದಿ ಬಂದನಂತೆ. ಪ್ರಾರ್ಥನೆ ಮುಗಿಸಿ ಬರುತ್ತಿದ್ದವರು ನಿಂತು ನೋಡಿದರಂತೆ. ಯಾರ ಮಾನವೂ ಹೋಗಲಿಲ್ಲ.

ಪ್ರಾರ್ಥನೆಯ ನಂತರ ಗಂಡಸರು ಚಾವಡಿಯಲ್ಲಿ ಸೇರಿದರು. ಅಣ್ಣನ ದನಿ ನಮ್ಮ ಓಣಿಯವರೆಗೂ ಕೇಳಿಸಿತು. ಸಂಜೆಗೆ ಮರದಿಂದ ಹೆಂಗಸರೆಲ್ಲ ಮತ್ತೆ ಹೋದರು.

ನಿನ್ನ ದೊಡ್ಡಪ್ಪನಿಗೆ ತನ್ನ ಫೋನಿನ ದನಿ ಏರಿಸಲೂ ಬರುವುದಿಲ್ಲ. ಆ ಸಾಲನ್ನು ಮತ್ತೆ ಬರೆದ ಬೆರಳು ಯಾರದೆಂದು ನಾನು ಕೇಳುತ್ತಿಲ್ಲ. ಮರದಲ್ಲಿ ನಿನ್ನ ಹೆಸರಿನ ಕೆಳಗೆ ಈಗ ಮತ್ತೆ ಬೋಳು. ಈ ಸಲ ಮಾಡುವಾಗ ಮಗಳ ಹೆಸರು ನಿನ್ನ ಕಣ್ಣೆದುರಿಗೇ ಇತ್ತು. ಅದು ನನಗೆ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ಆಸೆಯೂ ಹೋಯಿತು.

ಶನಿವಾರದಿಂದ ಮತ್ತೆ ಫೋನು. "ಇನ್ಶಿರಾ, ಬಂದಿದ್ದು ಹೋಯ್ತಲ್ಲ, ಈಗ ಏನು ಒತ್ಬೇಕು?" "ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ, ಬೈಬೇಡ." "ನನ್ ಮೊಮ್ಮಗ ಆಡ್ತಾ ಏನೋ ಕೆಡಿಸಿಬಿಟ್ಟ." ಒಬ್ಬೊಬ್ಬರೂ ನನ್ನ ಕ್ಷಮೆ ಕೇಳಿದರು. ಮಾಡಿದವರು ಯಾರೂ ಕೇಳಲಿಲ್ಲ, ಇವರು ಕೇಳಿದರು.

ನಿನ್ನೆ ಗುಂಪಿನಲ್ಲಿ ಕೊನೆಯ ಮದ್ದು ಬರೆದೆ. ನಿಮ್ಮ ಯಾರ ಫೋನೂ ಕೆಟ್ಟಿಲ್ಲ, ಯಾರ ಕಣ್ಣೂ ಕೆಟ್ಟಿಲ್ಲ, ನೀವು ಒತ್ತಬೇಕಾದ್ದು ಏನೂ ಉಳಿದಿಲ್ಲ ಅಂದೆ. ಪ್ರೈವೇಟ್ ಕಿಟಕಿಯ ಕಥೆಯನ್ನೂ ಒಂದು ಸಾಲಿನ ಕಥೆಯನ್ನೂ ಬಿಡಿಸಿ ಹೇಳಿದೆ. ಆಮೇಲೆ ಖೌಲಾ, "ಅವನ ನಂಬರ್ ಕೊಡು" ಅಂದಳು.

ಕೊಟ್ಟಿದ್ದೇನೆ. ಇವರು ನನ್ನ ಒಳ್ಳೆಯ ವಿದ್ಯಾರ್ಥಿನಿಯರು, ಹೇಳಿದ್ದನ್ನು ಬಿಡದೆ, ಒಂದಾದ ಮೇಲೊಂದು ಮಾಡುತ್ತಾರೆ. ಒಬ್ಬೊಬ್ಬಳೂ ಮೊದಲು ತನ್ನ ಹೆಸರು ಹೇಳುತ್ತಾಳೆ, ಆಮೇಲೆ ತಾಯಿಯ ಹೆಸರು, ಆಮೇಲೆ ಅವಳ ತಾಯಿಯ ಹೆಸರು. ನೀನು ಪೂರ್ತಿ ಕೇಳಿಸಿಕೊಳ್ಳಬೇಕು.

ನಾನು ಲಾಗೌಟ್ ಆಗಿಯೇ ಇದ್ದೇನೆ. ಏನೂ ಅಳಿಸಿಹೋಗಲಿಲ್ಲ.

ಫೋನ್ ಎತ್ತು, ಕುತೈಬಾ.

ಇನ್ಶಿರಾ